ಫಟಫಟಿಗೆ ಕುಸುಬಿ ಎಣ್ಣೆ

ಕಲಬುರಗಿ, ಐವಾನ್-ಎ-ಶಾಹಿ ಹಿಂದಿನ ಓಣಿ
27 ಜೂನ್ 1929, ಫಸಲಿ 1338

ಅಕ್ಕನ ಪಾದಕ್ಕೆ ತಮ್ಮ ದೇವೀಂದ್ರಪ್ಪನ ಶರಣು.

ಕಾರಹುಣ್ಣಿಮೆಗೆ ಕಮಲಾಪುರಕ್ಕೆ ಬಂದು, ನಿನ್ನ ಕೈಯ ಹೋಳಿಗೆ ಉಂಡು ಮರುದಿನ ಹೊರಟವನು ಊರು ಮುಟ್ಟಿದೆನೋ ಇಲ್ಲವೋ ಎಂದು ನೀನು ದಾರಿ ಕಾಯುತ್ತಿರುವುದಾಗಿ ಬಾಳೆಗೊನೆಯ ಬಂಡಿಯವನು ಹೇಳಿದ. ನಾನು ಮುಟ್ಟಿದ್ದೇನೆ. ಫಟಫಟಿ ಮುಟ್ಟಲಿಲ್ಲ.

ಮಹಾಗಾಂವದ ಇಳಿಜಾರಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ಅದನ್ನು ತಪ್ಪಿಸಲು ಹೋಗಿ ಗಾಡಿ ಸೇತುವೆಯ ಕಟ್ಟೆಗೆ ಬಡಿಯಿತು. ನಮ್ಮ ಓಣಿಯ ಮಿಸ್ತ್ರಿ ಮೈಬೂಬ ಅದನ್ನು ಬಂಡಿಯಲ್ಲಿ ಹಾಕಿಸಿಕೊಂಡು ಬಂದು ಸುತ್ತಲೂ ನೋಡಿ, "ಇದರ ಉಮರ್ ಮುಗೀತು ವಕೀಲ್ ಸಾಬ್" ಅಂದ. ನನಗೆ ಅಲ್ಲಲ್ಲಿ ತರಚಿದೆ, ಅಷ್ಟೆ. ಅಕ್ಷರ ಸೊಟ್ಟಗಿದ್ದರೆ ಬೇಸರ ಮಾಡಿಕೊಳ್ಳಬೇಡ, ಸೆಕೆಗೆ ಮಲಗಿಕೊಂಡೇ ಬರೆಯುತ್ತಿದ್ದೇನೆ.

ಈಗ ಮುಂದಿನ ಗಾಡಿ ಯಾವುದು ಎಂಬುದು ಪ್ರಶ್ನೆ. ಹಳೆಯದು ಸಿಕಂದರಾಬಾದಿನ ಲಷ್ಕರದ ಹರಾಜಿನಲ್ಲಿ ಸಿಕ್ಕಿದ, ಚರ್ಮದ ಪಟ್ಟಿ ಗಾಲಿ ತಿರುಗಿಸುವ ಮೋಟಾರ್ ಸೈಕಲ್ಲು. ಅಂಥವು ಈಗ ತಯಾರಾಗುವುದೇ ಇಲ್ಲ, ಎಲ್ಲವೂ ಚೈನಿನವು. ಬೊಂಬಾಯಿಯಿಂದ ಚಿತ್ರದ ಪುಸ್ತಕ ತರಿಸಿದ್ದೇನೆ. ಒಬ್ಬನೇ ಕೂಡುವ ಹಗುರ ಗಾಡಿ ಒಂದು, ಪಕ್ಕಕ್ಕೆ ಇನ್ನೊಬ್ಬರು ಕೂಡುವ ಡಬ್ಬಿ ಜೋಡಿಸಿದ ಭಾರಿ ಗಾಡಿ ಇನ್ನೊಂದು. ಎತ್ತು ಕೊಳ್ಳುವಾಗ ಅಪ್ಪ ನಿನ್ನನ್ನು ಕೇಳದೆ ಹಗ್ಗ ಹಿಡಿಯುತ್ತಿರಲಿಲ್ಲ. ಇದಕ್ಕೂ ನೀನೇ ಒಂದು ಮಾತು ಹೇಳು. ಅವಸರವೇನೂ ಇಲ್ಲ.

ನಿನ್ನ ದೇವೀಂದ್ರ


ಕಮಲಾಪುರ
ಆಷಾಢ ಶುದ್ಧ ಪಂಚಮಿ

ದೇವೀಂದ್ರನಿಗೆ ಅಕ್ಕ ನೀಲಗಂಗಮ್ಮನ ಆಶೀರ್ವಾದ.

ನಿನ್ನ ಪತ್ರ ಓದಿದ ಮೇಲೆ ಒಲೆಯ ಮುಂದಿನ ಪಾತ್ರೆಗಳನ್ನೆಲ್ಲ ಬಡಿದು ಬಡಿದು ಇಟ್ಟೆ. ನಿನ್ನ ಭಾವ, "ಯಾಕ, ರೊಟ್ಟಿ ಸುಟ್ಟಾವೇನು?" ಅಂದರು. ರೊಟ್ಟಿ ಸುಟ್ಟಿರಲಿಲ್ಲ, ನನ್ನ ಹೊಟ್ಟೆ ಸುಟ್ಟಿತ್ತು.

ಒಂದು ಎಮ್ಮೆಗೆ ಹೆದರಿ ಬೀಳುವ ಗಾಡಿ ಅದೆಂಥ ಗಾಡಿ? ಲಷ್ಕರದ್ದು, ಜರ್ಮನರ ಮೇಲೆ ಯುದ್ಧಕ್ಕೆ ಹೋಗಿ ಬಂದದ್ದು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ತೋಪಿಗೆ ಹೆದರದ್ದು ಎಮ್ಮೆಗೆ ಹೆದರಿತೇ? ನಮ್ಮ ಕೆಂದೆತ್ತಿನ ಮುಂದೆ ಮೋಟಾರು ಹಾಯ್ದು ಹೋದರೂ ಅದು ಮೆಲುಕು ನಿಲ್ಲಿಸುವುದಿಲ್ಲ.

ಆ ಗಾಡಿಗೆ ನಾನೇನು ಕಡಿಮೆ ಮಾಡಿದ್ದೆ ಹೇಳು. ಕಾರಹುಣ್ಣಿಮೆಯ ದಿನ ಎತ್ತುಗಳ ಕೊಂಬು ಹೆರೆಸಿ ಮೈಗೆ ಎಣ್ಣೆ ಹಚ್ಚುವಾಗ ನೀನು ಪಡಸಾಲೆಯಲ್ಲಿ ನಿದ್ದೆ ಹೊಡೆಯುತ್ತಿದ್ದೆ. ಫಟಫಟಿ ಅಂಗಳದಲ್ಲಿ ಧೂಳು ತಿಂದು ನಿಂತಿತ್ತು. ನನ್ನ ತಮ್ಮನನ್ನು ಹೊತ್ತು ತರುವ ಎತ್ತು ಇದು, ಇದಕ್ಕೆ ಮಾತ್ರ ಹಬ್ಬ ಬೇಡವೇ ಎಂದುಕೊಂಡು, ಗಾಣದಿಂದ ಆಗ ತಾನೇ ಬಂದ ಕುಸುಬಿ ಎಣ್ಣೆ ತಂದು ನನ್ನ ಕೈಯಾರೆ ಹಚ್ಚಿದೆ. ಗಾಲಿಯ ಅಂಚು, ಅಂಚಿಗೆ ಒತ್ತುವ ಆ ಗಟ್ಟಿ ತುಂಡುಗಳು, ಚರ್ಮದ ಪಟ್ಟಿ, ಒಂದನ್ನೂ ಬಿಡಲಿಲ್ಲ. ಬಿರುಕು ಬಿಟ್ಟ ಆ ಪಟ್ಟಿ ಹಚ್ಚಿದಷ್ಟೂ ಕುಡಿಯಿತು. ದೀಪದ ಗಾಜಿಗೆ ವಿಭೂತಿ ಎಳೆದು ನಿಂಬೆಹಣ್ಣು ಇಳಿಸಿದೆ. ಇಷ್ಟು ಉಪಚಾರ ಮಾಡಿಸಿಕೊಂಡ ಗಾಡಿ ಮಹಾಗಾಂವವನ್ನೂ ದಾಟಲಿಲ್ಲವೆಂದರೆ ತಪ್ಪು ಓಡಿಸಿದವನದು, ಇಲ್ಲವೇ ಎಮ್ಮೆ ಬಿಟ್ಟವರದು. ಮಹಾಗಾಂವದಲ್ಲಿ ರಸ್ತೆಗೆ ಎಮ್ಮೆ ಬಿಡುವವರು ಯಾರೆಂದು ನನಗೆ ಗೊತ್ತು. ಸಂತೆಗೆ ಬರಲಿ, ಕೇಳುತ್ತೇನೆ.

ಇನ್ನು ಗಾಡಿ. ಹಗುರದ್ದರ ಮಾತೇ ಬೇಡ, ಹಗುರಾದದ್ದಕ್ಕೇ ಬಿದ್ದೆ. ಡಬ್ಬಿ ಇದ್ದದ್ದನ್ನು ತೆಗೆದುಕೊ. ದೌರೆಗೆಂದು ಊರೂರು ತಿರುಗುತ್ತ ಬಂದ ಸಾಹೇಬರೊಬ್ಬರು ಅಂಥದ್ದನ್ನು ತಂದಿದ್ದರು, ಪಕ್ಕದಲ್ಲಿ ಅವರ ಬೇಗಂ ತೊಟ್ಟಿಲಲ್ಲಿ ಕೂತಂತೆ ಕೂತಿದ್ದರು. ನಮ್ಮ ಲಲಿತಾಬಾಯಿಗೆ ಗಂಡು ನೋಡುತ್ತಿದ್ದೇವೆ. ಬಸವಣ್ಣನ ಗುಡಿಯಿಂದ ಮದುವೆಯ ಹಂದರದವರೆಗೆ ಮದುಮಗಳ ಕೈ ಹಿಡಿದು ನಡೆಸಿಕೊಂಡು ಬರುವವನು ಸೋದರಮಾವ. ನನ್ನನ್ನು ನಮ್ಮ ಮಾವ ಹಾಗೆ ನಡೆಸಿದ್ದು ಇನ್ನೂ ಕೈಯಲ್ಲಿ ನೆನಪಿದೆ. ನೀನು ಅವಳಿಗೆ ಒಬ್ಬನೇ ಮಾವ. ಗುಡಿಯವರೆಗೆ ತೊಟ್ಟಿಲು ಗಾಡಿಯಲ್ಲಿ ಕರೆದುಕೊಂಡು ಹೋಗು, ಅಲ್ಲಿಂದ ಕೈ ಹಿಡಿದು ನಡೆಸು. ಊರು ನೋಡಲಿ.

ನಿನ್ನ ಅಕ್ಕ


ಕಲಬುರಗಿ
25 ಜುಲೈ 1929

ಅಕ್ಕನಿಗೆ ಶರಣು.

ನೀನು ಕಳಿಸಿದ ಕೆಂಪು ಬಾಳೆಯ ಗೊನೆ ಮುಟ್ಟಿತು. ಓಣಿಗೆಲ್ಲ ಹಂಚಿದ್ದಾಳೆ ನಮ್ಮ ಮನೆಯಾಕೆ ಶಿವಕಾಂತಮ್ಮ. ಎಣ್ಣೆ ಹಚ್ಚಿದ್ದನ್ನು ಓದಿದೆ. ನಿನ್ನ ಕೈಯ ಋಣ ದೊಡ್ಡದು.

ಗಾಡಿಗಳ ವಿಷಯ. ಚೈನಿನ ಗಾಡಿಯಲ್ಲಿ ದೊಡ್ಡ ಅನುಕೂಲವೆಂದರೆ ಚೈನು ತಗಡಿನ ಪೆಟ್ಟಿಗೆಯೊಳಗೆ ಇರುತ್ತದೆ. ಗಾಲಿಯನ್ನು ಹಿಡಿಯುವ ಬ್ರೇಕೂ ಒಳಗೇ ಮುಚ್ಚಿರುತ್ತದೆ. ಹೊರಗಿನ ಧೂಳಾಗಲಿ ನೀರಾಗಲಿ ಇನ್ನೇನಾಗಲಿ ತಾಗುವುದಿಲ್ಲ. ಪಟ್ಟಿಯ ಗಾಡಿಯ ಗುಣವೇ ಬೇರೆ. ಪಟ್ಟಿ, ಅಂಚು, ಬ್ರೇಕಿನ ತುಂಡು ಎಲ್ಲವೂ ಒಣಗಿದ್ದರೆ ಮಾತ್ರ ಹಿಡಿತ. ಮಳೆಗಾಲದಲ್ಲಿ ಅದಕ್ಕೇ ಪಟ್ಟಿಗೆ ಉದುರಿಸಲು ಜೇಬಿನಲ್ಲಿ ಬೂದಿಯ ಪೊಟ್ಟಣ ಇಟ್ಟುಕೊಳ್ಳುತ್ತಿದ್ದೆ. ತಮ್ಮ ವಿಭೂತಿ ಬಿಟ್ಟು ಹೊರಗೆ ಹೋಗುವುದಿಲ್ಲ ಎಂದು ನೀನು ಹಿಗ್ಗಿದ್ದೆ.

ಆದ್ದರಿಂದ ಯಾವುದೇ ಆಗಲಿ, ಮುಚ್ಚಿದ ಗಾಡಿಯನ್ನೇ ತೆಗೆದುಕೊಳ್ಳುವುದು ಎಂದು ನಿಶ್ಚಯ ಮಾಡಿದ್ದೇನೆ. ಅದಕ್ಕೆ ಏನನ್ನೂ ಹಚ್ಚಬೇಕಾಗಿಲ್ಲ. ಯಾರೂ ಮುಟ್ಟದಿದ್ದರೇ ಒಳ್ಳೆಯದು.

ಎಮ್ಮೆಯನ್ನು ಬಿಟ್ಟುಬಿಡು. ಮೂಕ ಪ್ರಾಣಿ. ಯಾರದ್ದೋ ಏನೋ.

ಅದಾಲತ್ತಿನಲ್ಲಿ ಕೆಲಸ ಬಹಳ. ಶ್ರಾವಣಕ್ಕೆ ಬರಲಾಗುವುದಿಲ್ಲವೇನೋ.

ದೇವೀಂದ್ರ


ಕಮಲಾಪುರ
ಶ್ರಾವಣದ ಮೊದಲ ಸೋಮವಾರ

ದೇವೀಂದ್ರನಿಗೆ ಆಶೀರ್ವಾದ.

ಯಾರೂ ಮುಟ್ಟಬಾರದ ಗಾಡಿಯೇ? ಅದೇನು ಮಡಿ ಉಟ್ಟುಕೊಂಡು ಬರುತ್ತದೆಯೇ? ಮನೆಗೆ ಬಂದ ಎತ್ತು, ಎಮ್ಮೆ, ಅಳಿಯ, ಬೀಗ, ಯಾರಿಗೂ ಎಣ್ಣೆ ನೀರು ಮಾಡದೆ ಈ ಮನೆಯಿಂದ ಕಳಿಸಿದ್ದಿಲ್ಲ. ಈಗ ನನ್ನ ಕೈ ತಾಗಿದರೆ ನಿನ್ನ ಬೊಂಬಾಯಿ ಗಾಡಿ ಕೆಟ್ಟುಹೋಗುತ್ತದೆ. ಶಹರದಲ್ಲಿ ಕೂತರೆ ಅಕ್ಕನ ಕೈ ಒರಟಾಗಿ ಕಾಣುತ್ತದೆ ಎಂದು ಕೇಳಿದ್ದೆ, ಈಗ ಕಂಡೆ. ಮೊದಲ ಗಾಡಿ ಅಂಗಳಕ್ಕೆ ಬಂದಾಗ "ಅಕ್ಕಾ, ನೀನಾ ಮೊದಲ ಕುಂಕುಮ ಹಚ್ಚು" ಅಂದವನೂ ನೀನೇ.

ಎಮ್ಮೆಯನ್ನು ಬಿಡು ಎನ್ನುತ್ತೀ. ಬಿಡುವುದಿಲ್ಲ. ಮಹಾಗಾಂವದ ದುಂಡಮ್ಮ ಸಂತೆಗೆ ಬೆಣ್ಣೆ ತರುತ್ತಾಳಲ್ಲ, ಅವಳ ಎಮ್ಮೆಯೇ ಆ ಇಳಿಜಾರಿನಲ್ಲಿ ಮೇಯುವುದು. ಸಂತೆಯ ನಡುವೆ ನಿಲ್ಲಿಸಿ ಕೇಳಿದೆ. "ನಿನ್ನ ಎಮ್ಮಿ ನನ್ನ ತಮ್ಮನ್ನ ಕೆಡವೇದ. ನಿನಗ ಗೂಟ ಇಲ್ಲೇನು, ಹಗ್ಗ ಇಲ್ಲೇನು?" ಅಂದೆ.

ಅವಳು ಬೆಣ್ಣೆಯ ಗಡಿಗೆ ಇಳಿಸಿ, "ಇಲ್ಲರೀ ಅವ್ವಾರ. ಕಾರಹುಣ್ಣಿವಿ ಮುಂದ ನನ್ನ ಎಮ್ಮಿ ಕರಾ ಹಾಕಿತ್ತು. ಹಟ್ಟಿ ಬಿಟ್ಟು ಹೊರಗ ಬಂದಿಲ್ಲ. ಬೇಕಂದ್ರ ಬಂದು ಕರಾ ನೋಡ್ರಿ" ಅಂದಳು.

ಕರು ನೋಡಲು ನಾನೇಕೆ ಹೋಗಲಿ? ನನ್ನ ತಮ್ಮ ವಕೀಲ, ಎಮ್ಮೆ ಎಂದು ಬರೆದಿದ್ದಾನೆ, ನಿನ್ನ ಕರುವಿನ ಸಾಕ್ಷಿ ಯಾರಿಗೆ ಬೇಕು ಎಂದುಬಿಟ್ಟೆ. ಅಂದಿನಿಂದ ಅವಳ ಬೆಣ್ಣೆ ನಮ್ಮ ಮನೆಗೆ ಬಂದಿಲ್ಲ. ನನ್ನನ್ನು ನೋಡಿ ನಾಲ್ಕು ಮನೆಯವರೂ ಬಿಟ್ಟಿದ್ದಾರೆ. ಆಗಲಿ.

ನೀನು ಶ್ರಾವಣಕ್ಕೆ ಬರದಿದ್ದರೂ ಆಗಲಿ. ಕೆಲಸ ಬಹಳವಂತೆ. ಫಟಫಟಿ ಇಲ್ಲದಿದ್ದರೆ ಮಹಾರಾಜರು ಬಂಡಿ ಏರುವುದಿಲ್ಲವೇ?

ಅಕ್ಕ


ಕಲಬುರಗಿ
10 ಸೆಪ್ಟೆಂಬರ್ 1929

ಅಕ್ಕನಿಗೆ ಶರಣು.

ದುಂಡಮ್ಮನಿಗೆ ಏನೂ ಅನ್ನಬೇಡ. ನೆನಪು ಮಾಡಿಕೊಂಡರೆ ಅದು ಎಮ್ಮೆಯಲ್ಲ, ಹೋರಿ ಇರಬಹುದು. ಬೀಡಾಡಿ ಹೋರಿ. ಬಿದ್ದ ಗಾಬರಿಯಲ್ಲಿ ಎಮ್ಮೆ ಎಂದು ಬರೆದಿದ್ದೆ. ಅವಳ ಬೆಣ್ಣೆ ತೆಗೆದುಕೊ. ಇದೊಂದು ಮಾತು ನಡೆಸು.

ನಿನ್ನ ಕೈ ಒರಟು ಎಂದು ನಾನು ಯಾವತ್ತೂ ಅಂದಿಲ್ಲ. ಅನ್ನುವುದೂ ಇಲ್ಲ.

ಗಾಡಿಯ ಆಯ್ಕೆ ಇನ್ನೂ ಮುಗಿದಿಲ್ಲ. ಡಬ್ಬಿಯ ಗಾಡಿ ಭಾರ, ನಮ್ಮ ರಸ್ತೆಯ ಮರಳಿನಲ್ಲಿ ಮೂರು ಗಾಲಿ ಎಳೆಯುವುದು ಕಷ್ಟ ಎಂದು ಕೆಲವರು ಹೇಳುತ್ತಾರೆ. ಹಗುರ ಗಾಡಿಯಲ್ಲಿ ಒಳ್ಳೆಯವು ಎರಡು ಇವೆ. ಒಂದಕ್ಕೆ ದೀಪ ಚೆನ್ನಾಗಿದೆ, ಇನ್ನೊಂದಕ್ಕೆ ಆಸನ ಚೆನ್ನಾಗಿದೆ. ವಿಚಾರ ಮಾಡಬೇಕು.

ಬಂಡಿಯಲ್ಲಿ ಬರಬಾರದೆಂದೇನಿಲ್ಲ. ಸದ್ಯ ಆಗುವುದಿಲ್ಲ.

ದೇವೀಂದ್ರ


ಕಮಲಾಪುರ
ವಿಜಯದಶಮಿಯ ಮರುದಿನ

ದೇವೀಂದ್ರನಿಗೆ,

ಬನ್ನಿ ಇಟ್ಟಿದ್ದೇನೆ ಪತ್ರದೊಳಗೆ. ಬಂಗಾರ ತೆಗೆದುಕೊಂಡು ಬಂಗಾರದ ಹಾಗೆ ಇರು. ದಸರೆಗೆ ನನ್ನ ಕೈಗೆ ಬನ್ನಿ ಕೊಟ್ಟು ಕಾಲು ಮುಟ್ಟದೆ ನೀನು ಉಂಡ ವರ್ಷ ಇದೇ ಮೊದಲು. ಊಟಕ್ಕೆ ಕೂತಾಗ ನಿನ್ನ ಭಾವ ಯಾರೂ ಇಲ್ಲದ ಕಡೆಗೆ ಒಂದು ಎಲೆ ಹಾಕಿಸಿದರು. ನಾನು ಎತ್ತಿಸಿದೆ. ಬರದವನಿಗೆ ಎಲೆ ಏಕೆ?

ಲಲಿತಾಬಾಯಿಗೆ ಗಂಡು ಗೊತ್ತಾಗಿದೆ. ಹುಡುಗನನ್ನು ನೋಡಿ, ಮನೆತನ ವಿಚಾರಿಸಿ, ಸ್ವಾಮಿಗಳನ್ನು ಕೇಳಿ, ವೀಳ್ಯ ಬದಲಾಯಿಸಿದ್ದೂ ಆಯಿತು. ಮಾರ್ಗಶಿರ ಶುದ್ಧ ಪಂಚಮಿಗೆ ಲಗ್ನ. ಮಗಳನ್ನು ಜೀವಮಾನಕ್ಕೆ ಕೊಡುವ ಗಂಡು ನಮಗೆ ಸಿಕ್ಕ, ನಿನ್ನ ಗಾಡಿ ಇನ್ನೂ ಪುಸ್ತಕ ಬಿಟ್ಟು ಹೊರಗೆ ಬಂದಿಲ್ಲ. ಒಂದಕ್ಕೆ ದೀಪವಂತೆ, ಒಂದಕ್ಕೆ ಆಸನವಂತೆ. ಎತ್ತು ಕೊಳ್ಳುವವನು ಹೀಗೆ ನೂರು ಸಲ ಹಲ್ಲು ಎಣಿಸುವುದಿಲ್ಲ. ಕೊಳ್ಳಲು ಮನಸ್ಸಿಲ್ಲದವನು ಎಣಿಸುತ್ತಾನೆ.

ನನಗೆ ಈಗ ಒಂದೇ ಅನುಮಾನ. ನಮ್ಮ ಮೇಲೆ ನಿನಗೆ ಏನೋ ಸಿಟ್ಟಿದೆ. ಗಂಡು ನೋಡುವಾಗ ನಿನ್ನನ್ನು ಮುಂದೆ ಮಾಡಲಿಲ್ಲವೆಂದೋ, ಕಾರಹುಣ್ಣಿಮೆಗೆ ಬಂದಾಗ ಯಾರೋ ಏನೋ ಅಂದರೆಂದೋ. ಇದ್ದರೆ ನೇರ ಬರೆ. ನಾನು ತೀರಿಸುತ್ತೇನೆ, ಇಲ್ಲವೇ ಜಗಳ ಆಡುತ್ತೇನೆ. ಆದರೆ ಹುಡುಗಿ ದಿನಾ ಕೇಳುತ್ತಾಳೆ, "ಮಾವ ಯಾವ ಗಾಡಿ ತಗೊಂಡ್ನವ್ವಾ?" ಅಂತ. ಅವಳಿಗೆ ಗಾಡಿ ಬೇಕಾಗಿಲ್ಲ. ನೀನು ಬರುತ್ತೀಯೋ ಇಲ್ಲವೋ ಎಂದು ಕೇಳುವ ರೀತಿ ಅದು.

ಸೋದರಮಾವ ಕೈ ಹಿಡಿಯದೆ ನಮ್ಮ ಮನೆಯ ಹೆಣ್ಣು ಹಂದರಕ್ಕೆ ಕಾಲಿಟ್ಟದ್ದಿಲ್ಲ.

ನೀಲಗಂಗಮ್ಮ


ಕಲಬುರಗಿ
28 ಅಕ್ಟೋಬರ್ 1929, ಫಸಲಿ 1339

ಅಕ್ಕನಿಗೆ ಶರಣು. ಬನ್ನಿ ತಲೆಗೆ ಒತ್ತಿಕೊಂಡೆ.

ಸಿಟ್ಟು ಏನೂ ಇಲ್ಲ. ಲಗ್ನ ಗೊತ್ತಾದದ್ದು ಕೇಳಿ ಶಿವಕಾಂತಮ್ಮ ಸಕ್ಕರೆ ಹಂಚಿದಳು. ಲಲಿತಾಗೆ ಕೊಡುವ ಇಲಕಲ್ ಸೀರೆಯನ್ನು ಈಗಾಗಲೇ ತಂದಿಟ್ಟಿದ್ದಾಳೆ.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಹುಡುಗಿಯನ್ನು ನಡೆಸುವುದಕ್ಕೆ ಚಿಕ್ಕಪ್ಪನ ಮಗ ಮಲ್ಕಪ್ಪ ಆಗಬಹುದು. ಅವನೂ ನಿನಗೆ ತಮ್ಮನೇ, ಅವಳಿಗೆ ಮಾವನೇ. ಎತ್ತರದ ಆಳು, ನೋಡಲು ಲಕ್ಷಣ, ನಡಿಗೆ ಗಂಭೀರ. ಬೀಗರ ಎದುರು ಶೋಭಿಸುತ್ತಾನೆ. ನಾನು ಸಾಧ್ಯವಾದರೆ ಹಂದರದಲ್ಲಿ ಹಿಂದೆ ಎಲ್ಲಿಯಾದರೂ ಕೂಡುತ್ತೇನೆ.

ಗಾಡಿ ಲಗ್ನದೊಳಗೆ ಬರುವಂತೆ ಕಾಣುವುದಿಲ್ಲ. ಹಡಗು ತಡ ಎಂದು ಬೊಂಬಾಯಿಯಿಂದ ಬರೆದಿದ್ದಾರೆ.

ಹೋರಿಯ ಬಗ್ಗೆ ಕೇಳಿ ಕಳಿಸಿದೆಯಂತೆ. ಈಗ ಖಚಿತವಾಗಿ ಹೇಳಲಾರೆ. ನಾಯಿ ಇದ್ದರೂ ಇರಬಹುದು. ದಯವಿಟ್ಟು ಇನ್ನು ಯಾರನ್ನೂ ಸಂತೆಯಲ್ಲಿ ನಿಲ್ಲಿಸಬೇಡ.

ದೇವೀಂದ್ರ


ಕಮಲಾಪುರ
ಕಾರ್ತಿಕ ಶುದ್ಧ ದಶಮಿ

ವಕೀಲ ದೇವೀಂದ್ರಪ್ಪನವರಿಗೆ,

ಮೊದಲು ಎಮ್ಮೆ. ಆಮೇಲೆ ಹೋರಿ. ಈಗ ನಾಯಿ. ಇನ್ನೊಂದು ಪತ್ರ ಬರೆದಿದ್ದರೆ ಇರುವೆ ಅಡ್ಡ ಬಂತು ಎನ್ನುತ್ತಿದ್ದಿರಿ. ಇಂಥ ಸಾಕ್ಷಿಯನ್ನು ನಿಮ್ಮ ಅದಾಲತ್ತಿನಲ್ಲಿ ಯಾರಾದರೂ ತಂದರೆ ನೀವೇ ನಕ್ಕು ಹೊರಗೆ ಹಾಕುತ್ತೀರಿ. ಅಕ್ಕನಿಗೆ ಸಾಕು ಎಂದುಕೊಂಡಿರಿ.

ಯಾವುದೂ ಅಡ್ಡ ಬಂದಿರಲಿಲ್ಲ. ನನಗೆ ಗೊತ್ತಾಗಿದೆ.

ಹೇಗೆ ಗೊತ್ತಾಯಿತು ಎಂದು ಹೇಳುತ್ತೇನೆ. ದೀಪಾವಳಿಯ ಪಾಡ್ಯದ ದಿನ ತೋಟದ ಬಾವಿಯ ರಾಟೆ ಕಿರುಗುಟ್ಟುತ್ತದೆ, ಎಣ್ಣೆ ಹಾಕು ಎಂದು ಆಳು ಭೀಮಶಾನಿಗೆ ಹೇಳಿದೆ. ಅವನು ರಾಟೆಗೆ ಹಾಕಿದ, ಉಳಿದ ಎಣ್ಣೆಯನ್ನು ಹಗ್ಗಕ್ಕೂ ತಿಕ್ಕಿದ. ಮರುದಿನ ನಾನೇ ನೀರು ಸೇದಲು ನಿಂತೆ. ತುಂಬಿದ ಕೊಡ ಅರ್ಧಕ್ಕೆ ಬಂದಿತ್ತು, ಹಗ್ಗ ಕೈಯಲ್ಲಿ ನಿಲ್ಲಲಿಲ್ಲ. ಹಿಡಿದಷ್ಟೂ ಜಾರಿತು. ಕೊಡ ತಳ ಸೇರಿತು, ಅಂಗೈ ಸುಲಿಯಿತು. ಭೀಮಶಾನನ್ನು ಕರೆದು, "ಹಗ್ಗಕ್ಕ ಯಾರರ ಎಣ್ಣಿ ಹಚ್ಚತಾರೇನೋ? ಹಿಡಿಯೂ ವಸ್ತು ಒಣಗಿರಬೇಕು ಅನ್ನೂದು ತಿಳಿಯಂಗಿಲ್ಲೇನು?" ಎಂದು ಬೈದೆ.

ಅವನು ತಲೆ ಕೆರೆದುಕೊಂಡು, "ಛಲೋ ಆಗಲಿ ಅಂತ ಹಚ್ಚೀನ್ರೀ ಅವ್ವಾರ" ಅಂದ.

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ನೀನು ಆಷಾಢದಲ್ಲಿ ಬರೆದ ಪತ್ರ ನೆನಪಾಯಿತು. ಪಟ್ಟಿ, ಅಂಚು, ತುಂಡು, ಎಲ್ಲವೂ ಒಣಗಿದ್ದರೆ ಮಾತ್ರ ಹಿಡಿತ. ನಾನು ಅದೇ ಮೂರಕ್ಕೂ ಎಣ್ಣೆ ಹಚ್ಚಿ, ಹಚ್ಚಿದ್ದೇನೆ ಎಂದು ಊರೆಲ್ಲ ಹೇಳಿ, ನಿನಗೂ ಬರೆದು ಬೀಗಿದ್ದೆ.

ಆಮೇಲೆ ಮಾಡಿದ್ದನ್ನೂ ಕೇಳು. ಲಗ್ನದ ಜವಳಿ ತರುತ್ತೇನೆ ಎಂದು ಹೇಳಿ ಬಾಳೆಯ ಬಂಡಿಯಲ್ಲಿ ಕಲಬುರಗಿಗೆ ಬಂದೆ. ಐವಾನ್-ಎ-ಶಾಹಿಯ ಗೋಡೆಯ ಹತ್ತಿರ ಇಳಿದು ನಿನ್ನ ಬಾಗಿಲಿಗೆ ಬರುವಷ್ಟರಲ್ಲಿ ನೀನೇ ಹೊರಗೆ ಬಂದೆ. ಕೈಯಲ್ಲಿ ಕೋಲು. ಎಡಗಾಲು ಮಡಿಯಲಿಲ್ಲ. ಟಾಂಗಾ ಏರಲು ಆ ಕಾಲನ್ನು ಎರಡೂ ಕೈಯಿಂದ ಎತ್ತಿ ಇಟ್ಟುಕೊಂಡೆ, ಶಿವಕಾಂತಮ್ಮ ಬೆನ್ನಿಗೆ ಕೈ ಕೊಟ್ಟಳು. ನಾನು ಬೇವಿನ ಮರದ ಹಿಂದೆ ಸರಿದೆ. ಎದುರಿಗೆ ಬಂದಿದ್ದರೆ ಅತ್ತುಬಿಡುತ್ತಿದ್ದೆ. ಬೈಯಲು ಬಂದವಳು ಅಳಬಾರದು.

ಮೈಬೂಬನ ಅಂಗಡಿಗೆ ಹೋದೆ. "ಅಮ್ಮಾ, ನನ್ನ ಕೇಳಬ್ಯಾಡ್ರಿ. ವಕೀಲ್ ಸಾಬ್ ಕಸಮ್ ಹಾಕ್ಯಾರ" ಎಂದು ಕೈ ಮುಗಿದ. ಅವನು ಹೇಳಬೇಕಾಗಿರಲಿಲ್ಲ. ಗಾಡಿ ಮೂಲೆಯಲ್ಲಿತ್ತು. ದೀಪದ ಗಾಜು ಒಡೆದಿದೆ, ಉಳಿದ ಚೂರಿನ ಮೇಲೆ ನಾನು ಎಳೆದ ವಿಭೂತಿ ಹಾಗೇ ಇದೆ. ಪಟ್ಟಿ ಇನ್ನೂ ಜಿಡ್ಡು.

ಈಗ ನನ್ನ ಪ್ರಶ್ನೆ. ನನ್ನಿಂದ ಇದನ್ನು ಮುಚ್ಚಿಡಲು ನೀನು ಯಾರು? ನಾನೇನು ಬೆಲ್ಲದ ಗೊಂಬೆಯೇ, ಒಂದು ಮಾತಿಗೆ ಕರಗಿ ಹೋಗಲು? ಸಾಲೆಯಲ್ಲಿ ಬರೀ ಉರ್ದು ಇದ್ದ ಕಾಲಕ್ಕೆ ಈ ಕೈ ನಿನ್ನ ಬೆರಳು ಹಿಡಿದು ಮರಳಿನ ಮೇಲೆ ಕನ್ನಡ ತಿದ್ದಿಸಿತು. ಆ ಅಕ್ಷರಗಳಿಂದಲೇ ನನಗೆ ಸುಳ್ಳು ಬರೆದೆ. ನಿನ್ನ ಸುಳ್ಳನ್ನು ನಂಬಿ ನಾನು ತಪ್ಪಿಲ್ಲದ ಹೆಂಗಸನ್ನು ಸಂತೆಯಲ್ಲಿ ನಿಲ್ಲಿಸಿ ಬೈದೆ. ಅವಳ ಬೆಣ್ಣೆ ಈ ಊರಿನಲ್ಲಿ ಯಾರೂ ಕೊಳ್ಳದ ಹಾಗೆ ಮಾಡಿದೆ. ಅವಳು ಎಮ್ಮೆ ಹೊರಗೆ ಬಂದಿಲ್ಲ ಎಂದು ಮೊದಲ ದಿನವೇ ನಿಜ ಹೇಳಿದ್ದಳು. ನಾನು ನಿನ್ನನ್ನು ನಂಬಿದೆ. ನನ್ನ ಮನಸ್ಸು ನೋಯಬಾರದೆಂದು ಅವಳ ಅನ್ನ ಕಳೆದೆಯಲ್ಲ, ಇದು ಯಾವ ನ್ಯಾಯ?

ಮಲ್ಕಪ್ಪನ ನಡಿಗೆ ಗಂಭೀರವಂತೆ. ಅದನ್ನು ಓದಿದಾಗ ಅರ್ಥವಾಗಿರಲಿಲ್ಲ. ಈಗ ಅರ್ಥವಾಗಿ ಮೈಯೆಲ್ಲ ಉರಿಯುತ್ತಿದೆ.

ಜವಾಬು ಬರೆ. ಪ್ರಾಣಿಗಳಿಲ್ಲದ ಜವಾಬು ಬರೆ.

ನೀಲಗಂಗಮ್ಮ


ಕಲಬುರಗಿ
18 ನವೆಂಬರ್ 1929

ಅಕ್ಕಾ,

ಪ್ರಾಣಿಗಳಿಲ್ಲ. ಇಳಿಜಾರಿನಲ್ಲಿ ಬ್ರೇಕು ಒತ್ತಿದೆ, ಹಿಡಿಯಲಿಲ್ಲ. ಮುಂದಿನದೂ ಹಿಡಿಯಲಿಲ್ಲ. ಕೆಳಗೆ ಸೇತುವೆಯ ಹತ್ತಿರ ಬುತ್ತಿ ಹೊತ್ತ ಹೆಂಗಸರು ದಾಟುತ್ತಿದ್ದರು. ಅವರನ್ನು ಬಿಟ್ಟು ಕಟ್ಟೆಗೆ ತಿರುಗಿಸಿದೆ. ಮೊಣಕಾಲು ಕಟ್ಟೆಗೂ ಗಾಡಿಗೂ ನಡುವೆ ಸಿಕ್ಕಿತು. ದವಾಖಾನೆಯಲ್ಲಿ ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಜೀವ ಉಳಿಯಿತು, ಕಾಲು ಉಳಿಯಿತು, ಮೊಣಕಾಲಿನ ಮಡಿಕೆ ಉಳಿಯಲಿಲ್ಲ.

ಮೈಬೂಬ ಪಟ್ಟಿ ಮೂಸಿ ನೋಡಿ, "ಇದು ದುಶ್ಮನ್ ಕೆಲಸ ಸಾಬ್, ಪೊಲೀಸಿಗೆ ಹೇಳ್ರಿ" ಅಂದ. ಕುಸುಬಿಯ ವಾಸನೆ ನನಗೆ ತಿಳಿಯದೇ? ಅಮ್ಮ ಹೋದ ಮೇಲೆ ನನ್ನ ತಲೆಗೆ ಎಣ್ಣೆ ಒತ್ತಿ ಎರೆದ ಕೈ ಯಾವುದು ಎಂದು ನನಗೆ ಮರೆತುಹೋಗುತ್ತದೆಯೇ? ಆ ಕೈಯೇ ನನ್ನ ಕಾಲು ಮುರಿಯಿತು ಎಂದು ಯಾವ ಬಾಯಿಂದ ಹೇಳಲಿ? ನೀನು ಕೇಳಿದೆ, ಮುಚ್ಚಿಡಲು ನೀನು ಯಾರು ಎಂದು. ನಾನು ನೀನು ಸಾಕಿದವನು. ಸಿಟ್ಟು ನಿನಗೊಬ್ಬಳಿಗೇ ಬರುವುದಿಲ್ಲ. ನಿನ್ನನ್ನು ಕಾಯುವ ಹಕ್ಕು ನನಗೂ ಇದೆ ಎಂದುಕೊಂಡಿದ್ದೆ. ಮತ್ತೆ ನೀನು ಏನು ಮಾಡಿದೆ? ಬಾಗಿಲವರೆಗೆ ಬಂದು, ಮರದ ಹಿಂದೆ ನಿಂತು, ನನ್ನನ್ನು ನೋಡಿ ಹೋದೆ. ಶಿವಕಾಂತಮ್ಮ ಅಂದು ಹೋಳಿಗೆ ಮಾಡಿದ್ದಳು. ನನ್ನನ್ನು ಸುಳ್ಳುಗಾರ ಎನ್ನುತ್ತೀ, ನೀನು ನನ್ನ ಮನೆಯ ನೀರೂ ಕುಡಿಯದೆ ಹೋದೆ.

ದುಂಡಮ್ಮನ ವಿಷಯದಲ್ಲಿ ಮಾತ್ರ ತಪ್ಪು ನನ್ನದೇ. ನಿನ್ನ ಶ್ರಾವಣದ ಪತ್ರ ಬಂದ ದಿನವೇ ನಿಜ ಬರೆಯಬೇಕಿತ್ತು. ಬರೆಯಲು ಕೂತೆ, ಎಮ್ಮೆಯನ್ನು ಹೋರಿ ಮಾಡಿ ಕಳಿಸಿದೆ.

ಮದುವೆಯ ವಿಷಯ. ಮದುಮಗಳ ಕೈಯನ್ನು ಕುಂಟ ಹಿಡಿದರೆ ಬೀಗರ ಕಡೆಯವರು ಏನನ್ನುತ್ತಾರೆ ಎಂದು ನೀನೂ ಬಲ್ಲೆ. ಕಾಲಿಗೆ ಏನಾಯಿತು ಎಂದು ಯಾರಾದರೂ ಕೇಳುತ್ತಾರೆ. ಹಂದರದಲ್ಲಿ ನಿನ್ನ ಮುಖ ನೋಡಿಕೊಂಡು ನಾನು ಏನು ಹೇಳಲಿ?

ಗಾಡಿಯ ಮಾತು ಮುಗಿಯಿತು. ಹಡಗೂ ಇಲ್ಲ, ಏನೂ ಇಲ್ಲ. ಫಟಫಟಿಯನ್ನು ಒದ್ದು ಎಬ್ಬಿಸುವ ಕಾಲು ನನಗಿಲ್ಲ. ಆದರೂ ಅಷ್ಟು ದಿನ ಯಾವುದು ಒಳ್ಳೆಯದು, ಯಾವುದು ಬೇಡ ಎಂದು ನಿನಗೆ ಬರೆಯುತ್ತಿದ್ದೆ. ಬರೆಯುವಷ್ಟು ಹೊತ್ತು ನಾನು ಮತ್ತೆ ನಿಮ್ಮೂರಿನ ದಾರಿ ಹಿಡಿದಿದ್ದೇನೆ ಎನ್ನಿಸುತ್ತಿತ್ತು. ನಿನ್ನೆ ಪುಸ್ತಕವನ್ನು ಮೈಬೂಬನಿಗೆ ಕೊಟ್ಟುಬಿಟ್ಟೆ.

ದೇವೀಂದ್ರ


ಕಮಲಾಪುರ
ಕಾರ್ತಿಕ ಬಹುಳ ಏಕಾದಶಿ

ದೇವೀಂದ್ರನಿಗೆ ಅಕ್ಕನ ಆಶೀರ್ವಾದ.

ನಿನ್ನ ಪತ್ರವನ್ನು ನಿನ್ನ ಭಾವನಿಗೂ ಲಲಿತಾಗೂ ಗಟ್ಟಿಯಾಗಿ ಓದಿ ಹೇಳಿದೆ. ಈ ಮನೆಯಲ್ಲಿ ಇನ್ನು ಮುಚ್ಚುಮರೆ ಇಲ್ಲ. ನೀರು ಕುಡಿಯದೆ ಹೋದದ್ದು ನನ್ನ ತಪ್ಪು. ಶಿವಕಾಂತಮ್ಮನಿಗೆ ಹೇಳು, ಅವಳ ಹೋಳಿಗೆಯ ಸಾಲ ನನ್ನ ಮೇಲಿದೆ. ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ, ಅದು ಬೇರೆ ಲೆಕ್ಕ.

ಸಂತೆಯ ದಿನ, ಎಲ್ಲಿ ನಿಂತು ಬೈದಿದ್ದೆನೋ ಅಲ್ಲಿಯೇ ನಿಂತು, ಎಲ್ಲರೂ ಕೇಳುವ ಹಾಗೆ ದುಂಡಮ್ಮನಿಗೆ ಹೇಳಿದೆ. "ನಿನ್ನ ಎಮ್ಮಿದು ತಪ್ಪಿಲ್ಲ, ನಿನ್ನದೂ ತಪ್ಪಿಲ್ಲ. ನನ್ನ ತಮ್ಮನ ಕಾಲು ನಾ ಹಚ್ಚಿದ ಎಣ್ಣಿಯಿಂದ ಮುರದದ. ಸುಳ್ಳು ಅವ ಬರದ, ನಾ ನಂಬಿದೆ" ಅಂದೆ.

ದುಂಡಮ್ಮ ತಕ್ಕಡಿ ಬದಿಗಿಟ್ಟು, "ಎಮ್ಮಿಗೂ ಬಂದು ಒಂದ್ ಮಾತು ಹೇಳ್ರೆವ್ವಾ. ಅದೂ ಬೈಸಿಕೊಂಡದ" ಅಂದಳು. ಹೋಗಿ ಹೇಳಿ ಬಂದೆ. ಕರು ಚೆನ್ನಾಗಿದೆ. ಲಗ್ನದ ಬೆಣ್ಣೆಯೆಲ್ಲ ಅವಳದೇ. ಹಂದರದಲ್ಲಿ ಮುಂದಿನ ಸಾಲಿನಲ್ಲಿ ಕೂಡುತ್ತಾಳೆ.

ಇನ್ನು ಬೀಗರು. ನೀನು ಅವರ ಹೆಸರಿನಲ್ಲಿ ಹೆದರುತ್ತಾ ಕೂತೆ, ನಾನು ಅವರ ಮನೆಗೇ ಹೋಗಿ ಕೇಳಿದೆ. "ಹುಡುಗಿಯ ಸೋದರಮಾವನಿಗೆ ಕಾಲು ಊನ ಆಗ್ಯಾದ. ದಾರ್ಯಾಗ ನಾಕು ಮಂದಿ ಹೆಣ್ಮಕ್ಕಳ್ನ ಉಳಿಸಲಿಕ್ಕ ಹೋಗಿ ಆಗ್ಯಾದ. ಅವನೇ ಕೈ ಹಿಡಿದು ನಡೆಸ್ತಾನ. ಇದರಾಗ ಅಪಶಕುನ ಕಾಣೋರು ಯಾರರ ಇದ್ರ ಈಗೇ ಹೇಳ್ರಿ, ವೀಳ್ಯ ಹೊಳ್ಳಿ ಕೊಡ್ತೀನಿ" ಅಂದೆ. ಹುಡುಗನ ಅಪ್ಪ ಅಡಿಕೆ ಬಾಯಲ್ಲಿ ಹಾಕಿಕೊಂಡವರು ಅಗಿಯುವುದನ್ನೇ ಮರೆತರು. ಆಮೇಲೆ, "ತಾಯೀ, ನಮಗ ನಿಮ್ಮನ್ನ ಕಂಡ್ರ ಅಂಜಿಕಿ, ನಿಮ್ಮ ತಮ್ಮನ್ನ ಕಂಡ್ರ ಏನೂ ಇಲ್ಲ" ಅಂದರು. ಒಳ್ಳೆಯ ಜನ.

ಮಲ್ಕಪ್ಪನ ಗಂಭೀರ ನಡಿಗೆ ಅವನ ಹತ್ತಿರವೇ ಇರಲಿ. ಗುಡಿಯಿಂದ ಹಂದರದವರೆಗೆ ನೀನೇ ನಡೆಯಬೇಕು, ಕೋಲು ಒಂದು ಕೈಯಲ್ಲಿ, ಹುಡುಗಿ ಒಂದು ಕೈಯಲ್ಲಿ. ನಿಧಾನ ಆಗುತ್ತದೆ, ಆಗಲಿ. ವಾಜಂತ್ರಿಯವರನ್ನು ಕರೆಸಿ, ನನ್ನ ತಮ್ಮನ ಹೆಜ್ಜೆ ನೋಡಿಕೊಂಡು ಬಾರಿಸಬೇಕು, ನಿಮ್ಮ ಹೆಜ್ಜೆಗೆ ಅವನನ್ನು ಎಳೆಯಬಾರದು ಎಂದು ಹೇಳಿದ್ದೇನೆ. ಲಲಿತಾ ಅಂಗಳದಲ್ಲಿ ನಿಧಾನ ನಡೆಯುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಾಳೆ. ನೋಡಿದವರು ನಗುತ್ತಾರೆ, ಅವಳು ನಿಲ್ಲಿಸುವುದಿಲ್ಲ. ನನ್ನ ಮಗಳು.

ಗಾಡಿಯ ಮಾತು ಮುಗಿಯಿತು ಎಂದು ಬರೆದಿದ್ದೀ. ಮುಗಿದಿಲ್ಲ. ನನ್ನನ್ನು ಕೇಳಿದ್ದೆ, ನಾನು ಆಷಾಢದಲ್ಲೇ ಹೇಳಿದ್ದೆ. ತೊಟ್ಟಿಲು ಇರುವ ಗಾಡಿಯನ್ನೇ ತೆಗೆದುಕೊ. ಆಗ ಅದು ಲಲಿತಾಗೆ ಎಂದುಕೊಂಡಿದ್ದೆ. ಅದು ನಿನಗೆ. ಒದ್ದು ಎಬ್ಬಿಸಲು ಮೈಬೂಬನಿಗೆ ಎರಡು ಕಾಲಿವೆ. ಓಡಿಸುವುದು ಅವನು, ಕಾಲು ಚಾಚಿ ಕೂಡುವುದು ನೀನು. ಚಿಕ್ಕವನಿದ್ದಾಗ ನಿನ್ನ ತೊಟ್ಟಿಲು ತೂಗಿ ನನ್ನ ತೋಳು ಬಿದ್ದುಹೋಗಿವೆ, ತೊಟ್ಟಿಲಲ್ಲಿ ಕೂಡಲು ನಿನಗೇನೂ ಹೊಸ ನಾಚಿಕೆ ಬೇಡ. ಪುಸ್ತಕವನ್ನು ಅವನ ಕೈಯಿಂದ ಹೊಳ್ಳಿ ಇಸಿದುಕೊಂಡು, ಇಬ್ಬರೂ ಕೂತು ದೀಪ, ಆಸನ ಏನು ಬೇಕೋ ನೋಡಿರಿ. ಲಗ್ನದೊಳಗೆ ಬರದಿದ್ದರೆ ಬಾಳೆಯ ಬಂಡಿ ಕಳಿಸುತ್ತೇನೆ, ಹುಲ್ಲು ಹಾಸಿ, ಮೇಲೆ ನನ್ನ ಕೌದಿ ಹಾಕಿಸಿ. ಅದರಲ್ಲಿ ಬಾ.

ಆದರೆ ಬರುವ ಕಾರಹುಣ್ಣಿಮೆಗೆ ಆ ಗಾಡಿ ನಮ್ಮ ಅಂಗಳದಲ್ಲಿ, ಎತ್ತುಗಳ ಸಾಲಿನಲ್ಲಿ ನಿಂತಿರಬೇಕು. ಯಾರೂ ಮುಟ್ಟಬಾರದು ಎಂಬ ಮಾತು ನಡೆಯುವುದಿಲ್ಲ. ಎಣ್ಣೆ ಹಚ್ಚುವವಳು ನಾನೇ. ಎಲ್ಲಿ ಹಚ್ಚಬಾರದು ಎಂಬುದನ್ನು ನೀನು ಪಕ್ಕದಲ್ಲಿ ಕೂತು ಬಾಯಿ ಬಿಟ್ಟು ಹೇಳು.

ನಿನ್ನ ಅಕ್ಕ
ನೀಲಗಂಗಮ್ಮ